ಮೂರು ಕಣ್ಣಿನ ಮುಖವಾಡ ನನ್ನದಲ್ಲ

ಜರೀನಾ, ಆ ಮುಖವಾಡವನ್ನು ರೂಪಿಸಿದವಳು ನೀನು. ತೆರೆಯ ಮೇಲೆ 'ವೇಷಭೂಷಣ' ಎಂಬ ಪದದ ಮುಂದೆ ಇರುವುದು ನನ್ನ ಹೆಸರು. ಅದು ಕಳವು. ಇಷ್ಟು ವರ್ಷ ಅದನ್ನು ಅಚಾತುರ್ಯ ಎಂದು ಕರೆದುಕೊಂಡೆ. ಕಳವು ಎಂಬ ಪದವನ್ನು ಭಾಷಣಗಳಲ್ಲಿ, ಬೇರೆಯವರ ಮೇಲೆ ಮಾತ್ರ ಬಳಸಿದೆ.

ಓದುವವರಿಗೂ ತಿಳಿದಿರಲಿ. ತೊಂಬತ್ತರ ದಶಕದಲ್ಲಿ ತಿಪಟೂರಿನ ನಾವು ಬೀದಿನಾಟಕದ ಗೆಳೆಯರು ಮಕ್ಕಳಿಗಾಗಿ ಒಂದು ಚಿತ್ರ ಮಾಡಿದೆವು. ತೆಂಗಿನ ತೋಟಗಳ ಮೇಲೆ ಹಾರಾಡುತ್ತ, ಅನ್ಯಾಯ ಕಂಡಲ್ಲಿ ಇಳಿಯುವ ವೀರನೊಬ್ಬನ ಕಥೆ. ಹಣ ಹಾಕಿದವರು ಕೊಬ್ಬರಿ ಮಂಡಿಯ ಯಜಮಾನರು, ಕಥೆ ನನ್ನದು. ನೀನು ನನ್ನ ಸಹಪಾಠಿ, ನಿನ್ನ ಅಬ್ಬಾ ಅವರ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದವಳು.

ನಾನು ಬರೆದ ವೀರನಿಗೆ ಕಿರೀಟವಿತ್ತು. ನೀನು ನಕ್ಕುಬಿಟ್ಟೆ. "ಇವ್ನೇನು ಮದ್ವೆ ಗಂಡೇನೇ? ಮರ ಹತ್ತಿದ್ರೆ ಬಿದ್ದೋಗಲ್ವಾ ಅದು?" ಸುಲಿದ ಕಾಯೊಂದನ್ನು ನನ್ನತ್ತ ತಿರುಗಿಸಿ ಅದರ ಮೂರು ಕಣ್ಣು ತೋರಿಸಿದೆ. "ಮುಖ ಇಲ್ಲೇ ಐತಲ್ಲೇ."

ಕಂದು ಬಟ್ಟೆಯ ಮೇಲೆ ಆ ಮೂರು ದುಂಡು ಕಣ್ಣುಗಳು. ಹೆಗಲವಸ್ತ್ರದ ಮಡಿಕೆಗಳೊಳಗೆ ನೀನು ತೆಂಗಿನ ಗರಿಕಡ್ಡಿ ಇಟ್ಟು ಹೊಲಿದೆ. ಗಾಳಿಯಿಲ್ಲದ ದಿನವೂ ಅದು ರೆಕ್ಕೆಯಂತೆ ಬಿಚ್ಚಿಕೊಂಡಿತು. ಮಕ್ಕಳ ನೆನಪಿನಲ್ಲಿ ಉಳಿದದ್ದು ನನ್ನ ಕಥೆಯಲ್ಲ, ಆ ರೂಪ.

ಹೆಸರುಗಳನ್ನು ಬರೆಸುವ ಹೊತ್ತಿಗೆ ಯಜಮಾನರು ಹೇಳಿದರು: "ಮೂರು ಕಣ್ಣು ಮಡಗಿದ್ದೀರಾ, ಜನ ಶಿವ ಅಂತಾರೆ. ಮಾಡಿದೋಳು ಸಾಬ್ರ ಹುಡುಗಿ ಅಂತ ಗೊತ್ತಾದ್ರೆ ಸುಮ್ನಿರ್ತಾರಾ? ಕಾಲ ಸರಿ ಇಲ್ಲ ಕಣ್ರೀ. ನಿಮ್ಮ ಹೆಸ್ರೇ ಹಾಕ್ಬುಡಿ."

ಕಿಬ್ಬನಹಳ್ಳಿಯಿಂದ ಹುಳಿಯಾರಿನವರೆಗೆ ಸೌಹಾರ್ದದ ಭಾಷಣ ಮಾಡಿದ್ದ ನಾನು — ಸುಮ್ಮನಿದ್ದೆ. ಹೆದರಿದೆ ಎಂದರೆ ಅರ್ಧ ಸತ್ಯ. ಆ ಜಾಗದಲ್ಲಿ ನನ್ನ ಹೆಸರು ನನಗೆ ಚೆನ್ನಾಗಿ ಕಂಡಿತು.

ಟಾಕೀಸಿನಲ್ಲಿ ಮೊದಲ ದಿನ. ಅಬ್ಬಾರನ್ನು ಕರೆತಂದು ನೀನು ನನ್ನ ಪಕ್ಕ ಕುಳಿತೆ. ಹೆಸರುಗಳು ಬಂದು ಹೋದವು. ಅಬ್ಬಾ ನಿನ್ನತ್ತ ಬಾಗಿ ಏನೋ ಕೇಳಿದರು. ನೀನು ನನ್ನ ಕಿವಿಯಲ್ಲಿ ಪಿಸುಗುಟ್ಟಿದೆ: "ನಿಂದು ಹಾಕವ್ರೆ. ನಂದು?"

"ನಿಂದು ಕೊನೇಲಿ ಬತ್ತೈತೆ ಕಣೇ."

ನನಗೆ ಗೊತ್ತಿತ್ತು — ನಮ್ಮ ಟಾಕೀಸುಗಳಲ್ಲಿ ಕೊನೆಯ ದೃಶ್ಯ ಮುಗಿಯುತ್ತಲೇ ಜನ ಏಳುತ್ತಾರೆ, ಬಾಗಿಲು ತೆರೆಯುತ್ತದೆ, ಆಪರೇಟರ್ ಯಂತ್ರ ನಿಲ್ಲಿಸುತ್ತಾನೆ. ಕೊನೆಯ ಹೆಸರುಗಳನ್ನು ಯಾರೂ ನೋಡುವುದಿಲ್ಲ. ಆ ರೂಢಿಯನ್ನು ನಂಬಿಯೇ ಸುಳ್ಳು ಹೇಳಿದೆ. ಹಾಗೆಯೇ ಆಯಿತು. "ನೋಡು, ಕಟ್ ಮಾಡ್ಬುಟ್ಟ," ಎಂದು ತಪ್ಪಿಲ್ಲದ ಆಪರೇಟರನನ್ನೂ ಬೈದೆ. ಅಬ್ಬಾ, "ಇರ್ಲಿ ಬುಡಮ್ಮಾ, ಬಟ್ಟೆ ಚೆನ್ನಾಗಿ ಕಾಣ್ತು," ಎಂದರು.

ಮಾರನೆಯ ದಿನ ನೀನೊಬ್ಬಳೇ ಮತ್ತೆ ಹೋದೆಯಂತೆ. "ಇವತ್ತು ಪೂರ್ತಿ ಓಡ್ಸಣ್ಣ," ಎಂದು ಆಪರೇಟರನನ್ನು ಕೇಳಿಕೊಂಡೆಯಂತೆ. ಅವನೇ ನನಗೆ ಹೇಳಿದ್ದು. ಜನರೆಲ್ಲ ಹೊರಟ ಮೇಲೂ ಕುಳಿತೇ ಇದ್ದೆಯಂತೆ. ಲೈಟ್ ಹಿಡಿದವರು, ಅಡುಗೆ ಮಾಡಿದವರು, ತೋಟ ಬಿಟ್ಟುಕೊಟ್ಟವರು — ಎಲ್ಲರ ಹೆಸರೂ ಬಂತು. ರೀಲು ಮುಗಿದು ತೆರೆ ಬರೀ ಬೆಳಕಾಯಿತು. ಆ ಬಿಳಿಯನ್ನೂ ನೋಡುತ್ತಿದ್ದು, ಆಮೇಲೆ ಅಂದೆಯಂತೆ: "ಸಾಕು ಬುಡಣ್ಣ."

ನೀನು ನನ್ನನ್ನು ಏನೂ ಕೇಳಲಿಲ್ಲ. ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀನು, "ಚೆನ್ನಾಗಿದ್ದೀರಾ ಮೇಡಂ?" ಎಂದೆ. ಅದುವರೆಗೆ ನಾನು ನಿನಗೆ 'ಏನೇ' ಆಗಿದ್ದೆ.

ಬೇಸಿಗೆ ರಜೆಯಲ್ಲಿ ಈಗಲೂ ಟಿ.ವಿ.ಯಲ್ಲಿ ಆ ಚಿತ್ರ ಬರುತ್ತದೆ. ಈಚೆಗೆ ತುರುವೇಕೆರೆಯ ಶಾಲೆಯೊಂದರಲ್ಲಿ ರಟ್ಟಿನ ಮುಖವಾಡ ತೊಟ್ಟ ಮಕ್ಕಳು ಸುತ್ತುವರಿದು, "ಇದು ಹೆಂಗೆ ಹೊಳೀತು ಮಿಸ್?" ಎಂದರು. ತೋಟದಲ್ಲಿ ಕಾಯಿ ನೋಡುವಾಗ ಹೊಳೆಯಿತು ಎಂದೆ. ಮತ್ತೆ ಕದ್ದೆ, ಮಕ್ಕಳ ಎದುರಿನಲ್ಲೇ. ಅಂದಿನಿಂದ ಅಡುಗೆಮನೆಯಲ್ಲಿ ಕಾಯಿ ಸುಲಿದರೆ ಕಣ್ಣುಗಳನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತೇನೆ. ಬೆಳಿಗ್ಗೆ ಎದ್ದಾಗ ಯಾಕೋ ಅವು ನನ್ನತ್ತಲೇ —

ಕ್ಷಮಿಸು ಎಂದು ಕೇಳುವುದಿಲ್ಲ. ಅದೂ ನಿನ್ನಿಂದ ಇನ್ನೊಂದನ್ನು ಕಿತ್ತುಕೊಂಡಂತೆ. ಆ ಶಾಲೆಗೆ ಮತ್ತೆ ಹೋಗುತ್ತೇನೆ, ಅದೇ ಮಕ್ಕಳಿಗೆ ನಿಜ ಹೇಳುತ್ತೇನೆ. ನಿನ್ನ ಹೆಸರು ನೋಡಲು ಬಂದಿದ್ದ ಅಬ್ಬಾ ಈಗಿಲ್ಲ. ಇದನ್ನು ಓದುತ್ತಿರುವವರು ದಯವಿಟ್ಟು ಇನ್ನೊಂದು ಸಾಲು ಕುಳಿತಿರಿ.

ವೇಷಭೂಷಣ, ಮುಖವಾಡ: ಜರೀನಾ.