ಸೋಫಾದ ಮೇಲೆ ಕೂರಿಸಿದ ಅಜ್ಜಿ

ಬ್ರೂಕ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರನ್ನು ನೋಡಿಕೊಳ್ಳಲು ಏಜೆನ್ಸಿಯವರು ನನ್ನನ್ನು ಹಾಕಿದ್ದರು. ಪಟ್ಟಂದೂರು ಅಗ್ರಹಾರದ ನನ್ನ ಬಾಡಿಗೆ ಕೋಣೆಯಿಂದ ನಡೆದೇ ಹೋಗುತ್ತಿದ್ದೆ. ಅಜ್ಜಿ ದಾವಣಗೆರೆ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಈಗ ಲಿಂಗಪೂಜೆ ಮುಗಿಸಿ ಎದ್ದದ್ದೂ ನೆನಪಿರುತ್ತಿರಲಿಲ್ಲ. ಕೆಲವೊಮ್ಮೆ ಮಲವನ್ನು ಗೋಡೆಗೆ ಬಳಿದುಬಿಡುತ್ತಿದ್ದರು. ಮೊದಮೊದಲು ಅದನ್ನು ತೊಳೆದು ವಾಂತಿ ಮಾಡಿಕೊಂಡಿದ್ದುಂಟು. ಆಮೇಲೆ ಅಭ್ಯಾಸವಾಯಿತು.

ಅಭ್ಯಾಸವಾಗದೆ ಉಳಿದದ್ದು ಆ ಮನೆಯವರ ಆಟ. ನೆಂಟರು ಬಂದಾಗಲೆಲ್ಲ ಮಗ ತನ್ನ ತಾಯಿಯನ್ನು ಹಾಲ್‌ನ ಸೋಫಾದಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ, ಇವರ್ಯಾರು ಎಂದು ಕೇಳುತ್ತಿದ್ದ. ಅಜ್ಜಿ ಸ್ವಂತ ಸೊಸೆಯನ್ನು ಪೋಸ್ಟ್‌ಮನ್ನನ ಹೆಂಡತಿ ಎಂದರೆ ಎಲ್ಲರೂ ನಗುತ್ತಿದ್ದರು. ಅವರು ನಗುವುದನ್ನು ಕಂಡು ಅಜ್ಜಿಯೂ ನಗುತ್ತಿದ್ದರು.

ಒಂದು ಭಾನುವಾರ ಹೋಳಿಗೆ ಊಟವಾದ ಮೇಲೆ ಮಗನ ಭಾವಮೈದ ಅಜ್ಜಿಯ ತೀರಿಹೋದ ಗಂಡನ ಫೋಟೊ ಇಳಿಸಿ ತಂದ. ಹಾರ ತೆಗೆದು, ಈ ಗಂಡು ನಿಮ್ಮನ್ನು ನೋಡಲು ಬಂದಿದ್ದಾನೆ, ಒಪ್ಪಿಗೆಯೇ ಎಂದು ಕೇಳಿದ. ಅಜ್ಜಿ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು.

"ಅಪ್ಪಾರನ್ನ ಕೇಳ್ರಿ."

ಎಲ್ಲರೂ ಕೇಕೆ ಹಾಕಿ ನಕ್ಕರು. ಆ ಗದ್ದಲಕ್ಕೆ ಬೆದರಿದರೋ ಏನೋ, ಕೂತಲ್ಲೇ ಅವರ ಸೀರೆ ಒದ್ದೆಯಾಯಿತು. ವಿಡಿಯೊ ತೆಗೆಯುತ್ತಿದ್ದವನು ಮಗನೇ. ನಿಲ್ಲಿಸಲಿಲ್ಲ. ತುಟಿಯ ಮೇಲಿನ ತುಪ್ಪ ಒರೆಸಿಕೊಳ್ಳದೆ ಮೊಬೈಲನ್ನು ಇನ್ನೂ ಹತ್ತಿರ ತಂದ. ನನ್ನ ವೇಲನ್ನು ಅಜ್ಜಿಯ ಮಡಿಲಿಗೆ ಹೊದಿಸಿ ಒಳಗೆ ಕರೆದೊಯ್ದೆ. ಸೀರೆ ಬಿಡಿಸುವಾಗ, ಹುಡುಗ ಏನು ಓದಿದ್ದಾನೆ ಎಂದು ಅವರು ಮೆಲ್ಲಗೆ ಕೇಳಿದರು. ಬಹಳ ಓದಿದವರಂತೆ ಎಂದೆ. ಅವರಿಗೆ ಸಮಾಧಾನವಾಯಿತು.

ಮಗ ಬಾಗಿಲಿಗೆ ಬಂದು, ನೆಂಟರೆದುರು ಹಾಗೆ ಎಬ್ಬಿಸಿಕೊಂಡು ಬಂದದ್ದು ಸರಿಯಲ್ಲ, ಅಮ್ಮನೂ ಖುಷಿಯಾಗಿಯೇ ಇದ್ದರು ಎಂದ.

"ಸಾರ್, ಆ ವಿಡಿಯೊ ಅಳಿಸ್ಬಿಡಿ" ಎಂದೆ.

"ನಿಮ್ ಕೆಲ್ಸ ನೀವ್ ನೋಡ್ಕೊಳ್ರಿ."

ಸಂಜೆ ಹೊರಡುವಾಗ ಗೇಟಿನ ಸೆಕ್ಯುರಿಟಿಯವನು ಹಲ್ಲು ಕಿರಿದು ತನ್ನ ಫೋನಿನಲ್ಲಿ ಅದೇ ವಿಡಿಯೊ ತೋರಿಸಿದ. ಯಾರೋ ಕಳಿಸಿದ್ದಂತೆ. ಅಜ್ಜಿಯ ಒದ್ದೆ ಸೀರೆಯ ಪಕ್ಕ ಕಣ್ಣೀರು ಬರುವಷ್ಟು ನಗುವ ಹಳದಿ ಮುಖಗಳನ್ನು ಸಾಲಾಗಿ ಅಂಟಿಸಿದ್ದರು. ರಸ್ತೆಗೆ ಬಂದು ಉಗಿದೆ. ಎಷ್ಟು ಉಗಿದರೂ ಬಾಯಿ ಸರಿಹೋಗಲಿಲ್ಲ.

ಮರುದಿನ ಏಜೆನ್ಸಿಯಿಂದ ಫೋನು ಬಂತು. ಆ ಮನೆಯವರು ಬೇರೆಯವರನ್ನು ಕೇಳಿದ್ದಾರೆ, ನೀವು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಎಂದರು. ಅಜ್ಜಿಗೆ ಒಂದು ಮಾತು ಹೇಳಿ ಬರೋಣವೆಂದು ಹೋದರೆ ಸೊಸೆ ಒಳಗೆ ಬಿಡಲಿಲ್ಲ. ಒಗೆಯದ ನನ್ನ ವೇಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಎರಡು ಬೆರಳಲ್ಲಿ ಹಿಡಿದು ಕೊಟ್ಟು, ಬಾಗಿಲು ಹಾಕಿಕೊಂಡಳು.