ಅಟ್ಟದ ಕೆಳಗಿನ ಇಂಗ್ಲಿಷ್ ಮೇಡಂ

ಮೇಡಂ ಮಾತಾಡುವಾಗ ತುಟಿಯ ಬಲತುದಿಯಲ್ಲಿ ಎರಡು ಗುಂಡುಸೂಜಿಗಳು ಅಲುಗಾಡುತ್ತಿದ್ದವು. ತಮ್ಮ ಅಣ್ಣನ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿದು ನೇರ ಪಾಠಕ್ಕೆ ಬರುವವರು. ಸೂಜಿ ತೆಗೆದಿಡಲು ಮರೆಯುತ್ತಿದ್ದರು. ತೊಂಬತ್ತರ ದಶಕದ ಕೊನೆ. ತಿಪಟೂರಿನ ಹಳೆಯದೊಂದು ಕೊಬ್ಬರಿ ಮನೆಯಲ್ಲಿ ನಾವು ಒಂಬತ್ತು ಹೆಂಗಸರು ಮಧ್ಯಾಹ್ನದ ಹೊತ್ತು ಅವರಿಂದ ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದೆವು. ತಲೆಯ ಮೇಲೆ ಅಟ್ಟ. ಅದರ ತುಂಬ ಕೊಬ್ಬರಿಯಾಗಲೆಂದು ವರ್ಷವಿಡೀ ಒಣಗಲು ಬಿಟ್ಟ ಸಾವಿರಾರು ತೆಂಗಿನಕಾಯಿ. ಯಾರೂ ಇಲ್ಲದ ಆ ಅಟ್ಟದಲ್ಲಿ ಆಗಾಗ ಒಂದು ಕಾಯಿ ನಿಧಾನವಾಗಿ ಉರುಳಿ ನಿಲ್ಲುವುದು ಕೇಳಿಸುತ್ತಿತ್ತು.

ಮೇಡಂ ಅದನ್ನೂ ಪಾಠ ಮಾಡಿಕೊಂಡಿದ್ದರು. ಮೇಲೆ ಯಾರಿದ್ದಾರೆಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಕೇಳುವರು. ಒಬ್ಬೊಬ್ಬರೂ ಒಂದೊಂದು ಉತ್ತರ ಹುಟ್ಟಿಸಬೇಕು.

‘ಮೈ ಮದರ್ ಇನ್ ಲಾ!’ ಎಂದರು ಹಾಲ್ಕುರಿಕೆಯಿಂದ ಬರುತ್ತಿದ್ದ ಅಕ್ಕ. ‘ಸತ್ತು ಹನ್ನೊಂದ್ ವರ್ಷ ಆಯ್ತು ಕಣ್ರೀ, ಇನ್ನೂ ಕಾಯಿ ಕಾಯ್ತಾವ್ಳೆ!’

ಜೋರಾಗಿ ನಕ್ಕೆವು. ಆದರೆ ಯಾರೂ ಮೇಲೆ ನೋಡಲಿಲ್ಲ.

‘ಭಾಷೆ ಮೊದ್ಲು ಮೈಗೆ ಬರ್ಬೇಕು, ಆಮೇಲೆ ಬಾಯಿಗೆ’ ಎನ್ನುತ್ತಿದ್ದರು ಮೇಡಂ. ಅದಕ್ಕೇ ಅಪ್ಪಣೆಯ ಆಟ. ‘ಪ್ಲೀಸ್’ ಸೇರಿಸಿ ಹೇಳಿದರೆ ಮಾತ್ರ ಹೇಳಿದ್ದು ಮಾಡಬೇಕು, ಇಲ್ಲದಿದ್ದರೆ ಅಲುಗಬಾರದು. ‘ಸ್ನೇಕ್! ಜಂಪ್!’ ಎಂದು ಅವರು ಕಿರುಚಿದಾಗ ಜಿಗಿದವಳು ಔಟ್. ನಡುವೆ ಕನ್ನಡ ಆಡಿದವಳೂ ಔಟ್. ನಟಿಸುವಾಗ ಅವರಿಗೆ ನಿಜವಾಗಿಯೂ ಬೆವರೊಡೆಯುತ್ತಿತ್ತು. ಬಿ.ಎ. ಮುಗಿಸಿದ್ದ ನಾನು ಒಮ್ಮೆಯೂ ಔಟಾಗಿರಲಿಲ್ಲ. ‘ಶಾಬಾಶ್, ಕಲ್ಲು ಕಣಮ್ಮ ನೀನು’ ಎಂದು ಬೆನ್ನು ತಟ್ಟುತ್ತಿದ್ದರು.

ಆ ದಿನ ಆಟದ ನಡುವೆ ಮೇಡಂ ಮಾತು ನಿಲ್ಲಿಸಿ ಮೇಲೆ ನೋಡಿದರು. ತೊಲೆಯ ಸಂದಿನಿಂದ ಸಣ್ಣಗೆ ಮಣ್ಣು ಅವರ ಹಣೆಗೆ ಉದುರುತ್ತಿತ್ತು. ಅಟ್ಟದಲ್ಲಿ ಕಾಯಿಗಳೆಲ್ಲ ಒಟ್ಟಿಗೆ ಒಂದೇ ಕಡೆಗೆ ಉರುಳತೊಡಗಿದವು.

‘ಗೆಟ್ ಔಟ್! ರನ್!’

ನಾವು ಒಂಬತ್ತೂ ಜನ ನಗು ತಡೆದುಕೊಂಡು ಕಂಬದಂತೆ ನಿಂತೆವು.

‘ಓಡ್ರಮ್ಮಾ, ಆಚೆಗೆ ಓಡ್ರಿ!’

‘ಪ್ಲೀಸೂ ಇಲ್ಲ, ಮೇಲೆ ಕನ್ನಡ ಬೇರೆ,’ ಎಂದೆ ನಾನು. ‘ನೀವೇ ಔಟ್ ಮೇಡಂ!’

ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಮೇಡಂ ನನ್ನನ್ನೇ ನೋಡಿದರು. ಬಾಯಿಂದ ಸೂಜಿ ತೆಗೆದು ದಿನದ ಪಾಠದ ದನಿಯಲ್ಲೇ, ಮೆಲ್ಲಗೆ ಹೇಳಿದರು: ‘ಪ್ಲೀಸ್ ಗೋ ಔಟ್.’

ಹೊರಟೆವು. ಅವರು ‘ಗೋ’ ಎಂದಿದ್ದರಲ್ಲ, ಅದಕ್ಕೇ ಓಡಲಿಲ್ಲ. ಸಾಲಾಗಿ ನಡೆದೆವು. ಕೊನೆಯವಳು ಹೊಸ್ತಿಲು ದಾಟುವವರೆಗೆ ಮೇಡಂ ಒಳಗೇ ನಿಂತಿದ್ದರು. ಅಟ್ಟ ಕುಸಿಯಿತು. ದೂಳಿನೊಳಗಿಂದ ಕಾಯಿಗಳು ಒಂದೊಂದೇ ಉರುಳಿ ಬಂದು ನಮ್ಮ ಪಾದದ ಬಳಿ ನಿಂತವು.

ಅವರನ್ನು ಜೀವಂತವಾಗಿಯೇ ಹೊರತೆಗೆದರು. ಆಸ್ಪತ್ರೆಯಲ್ಲಿ ನಾನು, ‘ನನ್ನಿಂದ ತಡ ಆಯ್ತು ಮೇಡಂ’ ಎಂದು ಅತ್ತೆ.

‘ಇಲ್ಲ ಕಣಮ್ಮ,’ ಎಂದರು ಉಸಿರು ಎಳೆದುಕೊಳ್ಳುತ್ತ. ‘ನೀನು ಸರಿಯಾಗೇ ಆಡ್ದೆ.’

ಮಾರನೆಯ ದಿನ ತೀರಿಕೊಂಡರು.

ಮೇಡಂ ನಿಂತಿದ್ದ ಜಾಗದಿಂದ ಬಾಗಿಲಿಗೆ ಏಳು ಹೆಜ್ಜೆ. ನಮ್ಮ ಮನೆಯಲ್ಲಿ ಯಾರೂ ಇಲ್ಲದಾಗ, ‘ನೀವೇ ಔಟ್’ ಎಂದ ನನ್ನ ಆ ಮಾತನ್ನು ಬಾಯೊಳಗೇ ಹೇಳುತ್ತ, ಎಲ್ಲರೂ ನಕ್ಕ ಹೊತ್ತನ್ನೂ ಸೇರಿಸಿಕೊಂಡು, ಏಳು ಹೆಜ್ಜೆ ನಡೆದು ನೋಡುತ್ತೇನೆ. ಪ್ರತಿ ಸಲವೂ ಹೊರಗೆ ಬಂದ ಮೇಲೆ ಅಟ್ಟ ಕುಸಿಯಲು ಸಮಯ ಇನ್ನೂ ಮಿಕ್ಕಿರುತ್ತದೆ.