ಮಾಮಾನ ವಾಚಿನ ಹೊಸ ಡಯಲ್

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಖಾನಾಪುರ ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಚಿಕ್ಕಮ್ಮನ ಮಗ ವಿನಾಯಕನ ವಾಚನ್ನು ಬಿಚ್ಚಲಾಯಿತು. ಬಿಚ್ಚಿಸಿದವನು ನಾನು. ಅದು ನಕಲಿ ಎಂದು ಯಾರಾದರೂ ಹೇಳಲಿ ಎಂಬುದು ನನ್ನ ಆಸೆಯಾಗಿತ್ತು.

ವಾಚು ನಮ್ಮ ಸೋದರಮಾವನದು. ಖಾನಾಪುರದಲ್ಲಿ ಮಾಸ್ತರನಾಗಿದ್ದ. ರಜೆಗೆ ಹೋದಾಗ ಮಲಪ್ರಭೆಗೆ ಈಜಲು ಇಳಿಯುವ ಮುನ್ನ ಆ ಸ್ವಿಸ್ ವಾಚನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದ. (ವಿನಾಯಕ ಪಕ್ಕದಲ್ಲಿ ನಿಂತು ನೋಡುತ್ತಿದ್ದ.) ಒಂದು ಬೇಸಿಗೆಯ ನಂತರ ಏಕೋ ವಿನಾಯಕನ ಕೈಗೆ ಕೊಡತೊಡಗಿದ. ಹೋದ ವರ್ಷ ತೀರಿಕೊಳ್ಳುವ ಮೊದಲು ವಾಚನ್ನೂ ಅವನಿಗೇ ಕೊಟ್ಟ.

ಈಗ ವಿನಾಯಕ ಬೆಳಗಾವಿಯ ರಾಮತೀರ್ಥ ನಗರದಿಂದ ಸದಾಶಿವನಗರದ ನಮ್ಮ ಮನೆಗೆ ಬಂದಾಗಲೆಲ್ಲ ಚಹಾದ ಕಪ್ಪನ್ನು ಎಡಗೈಯಲ್ಲೇ ಹಿಡಿಯುತ್ತಾನೆ. ಎಡಗೈಯಲ್ಲಿ ಚಹಾ ಕುಡಿಯುವವರನ್ನು ನೀವು ಎಷ್ಟು ಜನ ನೋಡಿದ್ದೀರಿ?

ಮೂರು ವಾರ ಯೂಟ್ಯೂಬ್ ನೋಡಿ ನಾನೂ ಪರಿಣತನಾದೆ. ಕೇಸಿನ ಅಂಚು ಸವೆದಿದೆ. ಕೀಲಿ ಕೊಡುವ ಗುಂಡಿಯೂ ಸವೆದಿದೆ. ಡಯಲ್ ಮಾತ್ರ ಫಳಫಳ. ಎಪ್ಪತ್ತರ ಮುಖಕ್ಕೆ ಇಪ್ಪತ್ತರ ಹಲ್ಲು. ಅನುಮಾನ ಬರಬಾರದೇ? "ಒಮ್ಮೆ ಚೆಕ್ ಮಾಡಸೂಣು ಬಾ" ಎಂದೆ, ಬಹಳ ಕಾಳಜಿಯ ದನಿಯಲ್ಲಿ.

ನಮ್ಮ ಮಾಮಾನ ವಾಚು ಎಂದು ಹೇಳಿ ಕೊಟ್ಟೆವು. ಅಂಗಡಿಯ ಬಾಳೂ ಕಾಕಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. "ಮಷೀನ ಖರೇ ಐತಿ. ಕೇಸೂ ಖರೇ. ಡಯಲ್ ಅಷ್ಟ ಮತ್ತ ಬಣ್ಣ ಹಚ್ಚಿಸಿದ್ದು."

"ಅಂದ್ರ ಒರಿಜಿನಲ್ ಅಲ್ಲ!" ನನ್ನ ದನಿ ಸ್ವಲ್ಪ ಜೋರಾಯಿತು.

"ಅಣ್ಣಾ, ನಿನಗೇನ ಲಾಟರಿ ಹತ್ತೇತೇನು?" ವಿನಾಯಕ ನಕ್ಕ.

ಕಾಕಾ ಹಿಂಬದಿಯ ಮುಚ್ಚಳವನ್ನು ಬೆಳಕಿಗೆ ಹಿಡಿದರು. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ತಮ್ಮ ಗುರುತು, ತಿಂಗಳು, ವರ್ಷವನ್ನು ಸೂಜಿಯಿಂದ ಗೀಚಿಡುವುದು ಈ ಕಸುಬಿನ ರೂಢಿ.

"ಇದು ನನ್ನ ಕೈಬರಹನ ಐತಲ್ರೀ! ನಿಮ್ಮ ಮಾಮಾ ತಂದಿದ್ರು. ಹೊಳ್ಯಾಗ ಬಿದ್ದು ನೀರ ಹೊಕ್ಕಿತ್ತು. ಹುಡುಗನ ಕೈಯಾಗಿಂದ ಬಿದ್ದೈತಿ, ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಹೆದರತಾನ ಅಂದ್ರು. ಡಯಲ್ ಪುಣೆಕ್ಕ ಕಳಿಸಿ ಬಣ್ಣ ಹಚ್ಚಿಸಿದ್ದೆ."

"ಯಾವ ಹುಡುಗ ಅಂದ್ರು ಕಾಕಾ?" ವಿನಾಯಕ ಕೇಳಿದ.

"ಹೆಸರ ಹೇಳಲಿಲ್ಲ."

ಗೀಚಿದ್ದು ಜೂನ್ ತಿಂಗಳು, ನಾನು ಏಳನೆಯ ತರಗತಿ ಪಾಸಾದ ವರ್ಷ. ಆ ಮೇ ತಿಂಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನಾನು ವಾಚು ಕಟ್ಟಿಕೊಂಡು ನೋಡಿದ್ದೆ. ಸಡಿಲವಾಗಿತ್ತು, ಜಾರಿತು. ಎತ್ತಿ, ಅಂಗಿಗೆ ಒರೆಸಿ, ಕಿವಿಗೆ ಹಿಡಿದೆ. ನಡೆಯುತ್ತಿತ್ತು. ಮಾಮಾನಿಗೆ ವಾಪಸು ಕೊಟ್ಟೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಬೆಳಗಾವಿಗೆ ವಾಪಸು ಬರುವಾಗ ಕಾರು ಓಡಿಸಿದ್ದು ವಿನಾಯಕ. ಸ್ಟೇರಿಂಗ್ ಮೇಲೆ ಅವನ ಕೈ, ಕೈ ಮೇಲೆ ವಾಚು. ಇಷ್ಟೆಲ್ಲ ತಿಳಿದ ಮೇಲೂ ಅದು ನನ್ನ ಕೈಯಲ್ಲಿರಬೇಕಿತ್ತು ಎಂದೇ ಅನಿಸುತ್ತಿತ್ತು. (ಹೊಟ್ಟೆಕಿಚ್ಚಿಗೆ ನಾಚಿಕೆ ಎಂಬುದು ಇರುತ್ತದೆಯೇ?)

ಮಂಗಳವಾರ ಅವನ ವಾಟ್ಸಾಪ್ ಬಂತು: "ಅಣ್ಣಾ, ಬೀಳಿಸಿದಾಂವ ನಾನ ಇರಬೇಕು. ಹೊಳಿಗೆ ಹೋದಾಗೆಲ್ಲ ನನ್ನ ಕೈಯಾಗ ಇರ್ತಿತ್ತಲ್ಲ. ನನಗ ನೆನಪ ಸುದ್ದಾ ಇಲ್ಲ ನೋಡು. ಇನ್ನ ಕಟ್ಟಿಕೊಳ್ಳಾಕ ಮನಸ್ಸ ಆಗವಲ್ದು. ವಾಚ್ ನೀನ ಇಟ್ಕೋ. ಶನಿವಾರ ತಂದು ಕೊಡ್ತೀನಿ."

ನಾನು ಇನ್ನೂ ಉತ್ತರಿಸಿಲ್ಲ. ಈ ಅಂಕಣ ಅಚ್ಚಾಗುವುದು ಶುಕ್ರವಾರ. ವಿನಾಯಕನ ಮನೆಗೆ ಪತ್ರಿಕೆ ಬೆಳಿಗ್ಗೆ ಆರಕ್ಕೆ ಬೀಳುತ್ತದೆ.